ಮದುವೆಯ ಮನೆಯಲ್ಲಿ ಡಿ.ಜೆ.

ಹಾಡಿಗೆ ಹಾಡು ಬೆಸೆದು ಕ್ಲಬ್ಬಿನಲ್ಲಿ ನೂರಾರು ಜನರನ್ನು ಕುಣಿಸುವ ತರುಣನಿಗೆ ಆರತಕ್ಷತೆಯ ಮಂಟಪದಲ್ಲಿ ಕೈ ನಡುಗುವುದೇಕೆ? ಬೆಂಗಳೂರಿನಲ್ಲಿ ಡಿ.ಜೆ. ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಮೊದಲ ಮದುವೆಯ ಸಂಜೆಯನ್ನು—ತನ್ನದಲ್ಲ, ಗಿರಾಕಿಯದು—ನೆನೆದು ಈಗಲೂ ಬೆವರುತ್ತಾನೆ.

ಕ್ಲಬ್ಬಿಗೆ ಬರುವವರು ಕುಣಿಯಲೆಂದೇ ಬರುತ್ತಾರೆ. ಮದುವೆಗೆ ಬಂದವರು ವಧೂವರರನ್ನು ಹರಸಿ, ಉಂಡು, ನೆಂಟರೊಡನೆ ನಾಲ್ಕು ಮಾತನಾಡಲು ಬಂದವರು. ನಿಮಿಷಕ್ಕೆ 128 ಬಡಿತಗಳ ಹಾಡನ್ನು ಅವನು ಹಾಕಿದೊಡನೆ ಮುಂದಿನ ಸಾಲಿನ ಅಜ್ಜಿ ಕಿವಿ ಮುಚ್ಚಿಕೊಂಡರಂತೆ. ಧೈರ್ಯವೆಲ್ಲ ಅಲ್ಲಿಯೇ ಉಡುಗಿತು.

ಅದು ಮರಳಿದ್ದು ಹೊಸ ಯಂತ್ರದಿಂದಲ್ಲ, ವಿಚಾರಿಸುವ ಅಭ್ಯಾಸದಿಂದ. ಈಗ ವಾರ ಮೊದಲೇ ಎರಡೂ ಮನೆಯ ಹಿರಿಯರನ್ನು ಕಾಣುತ್ತಾನೆ. ವಧೂವರರು ವೇದಿಕೆಗೆ ಬರುವುದೆಷ್ಟು ಹೊತ್ತಿಗೆ, ಕೊನೆಯ ಪಂಕ್ತಿ ಏಳುವುದೆಂದು, ಯಾವ ಹಾಡು ಕೂಡದು ಎಂಬುದನ್ನೆಲ್ಲ ಬರೆದುಕೊಳ್ಳುತ್ತಾನೆ. 'ಬೇಡ'ಗಳ ಪಟ್ಟಿಯೇ ಹೆಚ್ಚು ಬೆಲೆಯುಳ್ಳದ್ದಂತೆ. ಮದುವೆಯ ಮನೆಗಳನ್ನು ಬಲ್ಲ ನನಗೂ ಅದು ನಿಜವೆನಿಸಿತು. ಹಿರಿಯರಿಗೆಂದು ಮೊದಲು 1972ರ 'ಬಂಗಾರದ ಮನುಷ್ಯ'ದ ಹಾಡು, ಬಳಿಕ 2006ರ 'ಮುಂಗಾರು ಮಳೆ'; ವೇಗದ ತಾಳವೇನಿದ್ದರೂ ಊಟವಾದ ಮೇಲೆ. ಕೈಕೊಡುವ ಯಂತ್ರಕ್ಕೆ ಬದಲಾಗಿ ಇನ್ನೊಂದು ಲ್ಯಾಪ್‌ಟಾಪು ಸದಾ ಸಿದ್ಧ.

ಬಯಲಿನಲ್ಲಿ ಧ್ವನಿವರ್ಧಕವು ರಾತ್ರಿ 10ಕ್ಕೆ ನಿಲ್ಲಬೇಕೆಂಬುದು 2000ದ ಶಬ್ದಮಾಲಿನ್ಯ ನಿಯಮ. ಈಚೆಗೆ ತೋಟವೊಂದರ ಆರತಕ್ಷತೆಯಲ್ಲಿ ಅವನು ತಂತಿಗಳನ್ನು ಸುತ್ತಲು ಅಣಿಯಾಗಿದ್ದಾಗ ಮುದುಕಿಯೊಬ್ಬರು ಬಳಿ ಬಂದು, "ಮಗು, ಆ ರಾಜಕುಮಾರ್ ಹಾಡು ಇನ್ನೊಂದ್ಸಲ ಹಾಕಪ್ಪ" ಎಂದರು. ಗಡಿಯಾರದಲ್ಲಿ 9.52. ಹಾಕಿದನು.