ಚಿಕ್ಕ ಫಿಲ್ಟರ್, ದೊಡ್ಡ ಹೊಣೆ

ವಿಮಾನ ಇಳಿಯುವಾಗ ನೆಲ ಇನ್ನೆಷ್ಟು ಕೆಳಗಿದೆ ಎಂದು ತಿಳಿಸುವ ಉಪಕರಣ ರೇಡಿಯೋ ಅಲ್ಟಿಮೀಟರ್. ಅದು 4.2ರಿಂದ 4.4 ಗಿಗಾಹರ್ಟ್ಸ್ ಆವರ್ತನದ ಸೂಕ್ಷ್ಮತರಂಗಗಳನ್ನು ಕೆಳಕ್ಕೆ ಕಳಿಸಿ, ನೆಲಕ್ಕೆ ಬಡಿದು ಮರಳುವ ಕ್ಷೀಣ ತರಂಗವನ್ನು ಹಿಡಿಯುತ್ತದೆ. 2022ರ ಜನವರಿ 19ರಂದು ಅಮೆರಿಕದಲ್ಲಿ 3.7 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿ ಹೊಸ 5ಜಿ ಸೇವೆ ಆರಂಭವಾದಾಗ, ಏರ್ ಇಂಡಿಯಾ ಸೇರಿದಂತೆ ಕೆಲವು ಸಂಸ್ಥೆಗಳು ಅಲ್ಲಿಗೆ ಹೋಗುವ ಹಲವು ವಿಮಾನಗಳನ್ನು ರದ್ದುಪಡಿಸಿದವು. 5ಜಿ ತನ್ನ ಗಡಿ ದಾಟಿರಲಿಲ್ಲ. ಆದರೆ ಹಳೆಯ ಅಲ್ಟಿಮೀಟರುಗಳ ಬಾಗಿಲು ಅಗತ್ಯಕ್ಕಿಂತ ಅಗಲವಾಗಿದ್ದು, ನೆರೆಮನೆಯ ಗದ್ದಲವೂ ಒಳನುಗ್ಗಬಹುದೆಂಬ ಆತಂಕವಿತ್ತು. ಆ ಬಾಗಿಲೇ ಫಿಲ್ಟರ್.

ಇದು ಕೆಲಸ ಮಾಡುವುದು ಹೇಗೆ? ತಂಬೂರಿಯ ತಂತಿಯ ಉದ್ದ ಅದರ ಶ್ರುತಿಯನ್ನು ನಿರ್ಧರಿಸುವಂತೆ, ತಾಮ್ರದ ಪಟ್ಟಿಯೊಂದು ತನ್ನ ಉದ್ದಕ್ಕೆ ಹೊಂದುವ ತರಂಗಕ್ಕೆ ಮಾತ್ರ ಅನುರಣಿಸುತ್ತದೆ. ಪಟ್ಟಿಯ ಉದ್ದ ತರಂಗಾಂತರದ ಅರ್ಧದಷ್ಟಿರಬೇಕು. ಇಂಥ ಹಲವು ಪಟ್ಟಿಗಳನ್ನು ಒಂದಕ್ಕೊಂದು ತಾಗದಂತೆ ಸಾಲಾಗಿಟ್ಟರೆ, ಬೇಕಾದ ತರಂಗ ಒಂದರಿಂದ ಇನ್ನೊಂದಕ್ಕೆ ದಾಟಿ ಹೋಗುತ್ತದೆ. ಉಳಿದವು ಬಹುಪಾಲು ಹಿಂದಿರುಗುತ್ತವೆ. ಪಟ್ಟಿಗಳು ಹೆಚ್ಚಿದಷ್ಟೂ ಗಡಿ ಹರಿತವಾಗುತ್ತದೆ.

4.3 ಗಿಗಾಹರ್ಟ್ಸ್‌ನ ತರಂಗಾಂತರ ಗಾಳಿಯಲ್ಲಿ ಸುಮಾರು 7 ಸೆಂಟಿಮೀಟರ್. ಅಂದರೆ ಪ್ರತಿ ಪಟ್ಟಿಯೂ ಮೂರೂವರೆ ಸೆಂಟಿಮೀಟರ್ ಇರಬೇಕು. ಇದನ್ನು ಕುಗ್ಗಿಸಲು ವಿನ್ಯಾಸಕರು ಪಟ್ಟಿಯನ್ನು ಅಲ್ಯೂಮಿನಾದಂಥ ಪಿಂಗಾಣಿ ಹಲಗೆಯ ಮೇಲೆ ಮೂಡಿಸುತ್ತಾರೆ. ಅಲ್ಲಿ ತರಂಗದ ವೇಗ ತಗ್ಗುವುದರಿಂದ ಒಂದೂವರೆ ಸೆಂಟಿಮೀಟರಿಗೂ ಕಡಿಮೆ ಉದ್ದ ಸಾಕು. ಅದನ್ನೇ ಕೂದಲಿನ ಪಿನ್ನಿನಂತೆ ಮಡಿಸಿದರೆ ಸ್ಥಳ ಇನ್ನಷ್ಟು ಉಳಿಯುತ್ತದೆ. ಮೊಬೈಲ್ ಫೋನಿನಲ್ಲಂತೂ ವಿದ್ಯುತ್ ಸಂಕೇತವನ್ನು ಹರಳಿನೊಳಗಿನ ಶಬ್ದತರಂಗವಾಗಿ ಬದಲಿಸುತ್ತಾರೆ. ಶಬ್ದದ ವೇಗ ಬೆಳಕಿನ ವೇಗಕ್ಕಿಂತ ಹತ್ತಾರು ಸಾವಿರ ಪಟ್ಟು ಕಡಿಮೆಯಾದ್ದರಿಂದ, ಅಲ್ಲಿನ ಫಿಲ್ಟರ್ ಸಾಸಿವೆ ಕಾಳಿನಷ್ಟಾದರೂ ಸಾಕು.

ಹಾಗಾದರೆ ಎಲ್ಲವನ್ನೂ ಚಿಕ್ಕದಾಗಿಸಬಹುದಲ್ಲ ಎಂದು ನೀವು ಕೇಳಬಹುದು. ಕಿರಿದುತನಕ್ಕೂ ಬೆಲೆಯಿದೆ. ಪಟ್ಟಿ ಕಿರಿದಾದಂತೆ ಅದರ ರೋಧ ಹೆಚ್ಚಿ, ಶಕ್ತಿ ಶಾಖವಾಗಿ ಸೋರುತ್ತದೆ. ಆಗ ಗಡಿಯ ಹರಿತ ಮೊಂಡಾಗುತ್ತದೆ, ಬೇಕಾದ ಸಂಕೇತವೂ ಕ್ಷೀಣಿಸುತ್ತದೆ. ಆದ್ದರಿಂದಲೇ ಪ್ರಬಲ ಶಕ್ತಿ ಹಾಯುವ ಮೊಬೈಲ್ ಗೋಪುರಗಳಲ್ಲಿ ಲೋಹದ ಪೆಟ್ಟಿಗೆಯಂಥ ದೊಡ್ಡ ಫಿಲ್ಟರುಗಳನ್ನು ಈಗಲೂ ಬಳಸುತ್ತಾರೆ. ಎಷ್ಟು ನಷ್ಟವನ್ನು ತಾಳಬಹುದು ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಗಾತ್ರವನ್ನು ಗೊತ್ತುಮಾಡುವುದೇ ವಿನ್ಯಾಸದ ಜಾಣ್ಮೆ.

2023ರಲ್ಲಿ ಅಮೆರಿಕದ ವಿಮಾನ ಸಂಸ್ಥೆಗಳು ಹಳೆಯ ಅಲ್ಟಿಮೀಟರುಗಳಿಗೆ ಫಿಲ್ಟರ್ ಜೋಡಿಸಿದವು, ಇಲ್ಲವೇ ಉಪಕರಣವನ್ನೇ ಬದಲಾಯಿಸಿದವು. ಆಕಾಶದಲ್ಲಿ ತರಂಗಗಳ ಸಂತೆ ದಿನೇ ದಿನೇ ದಟ್ಟವಾಗುತ್ತಿದೆ. ಅಲ್ಲಿ ಮಾತಾಡುವವರು ತಮ್ಮ ಗಡಿಯೊಳಗಿದ್ದರೆ ಸಾಲದು; ಕೇಳುವವರೂ ತಮಗೆ ಬೇಕಾದುದನ್ನಷ್ಟೇ ಕೇಳುವುದನ್ನು ಕಲಿಯಬೇಕು.