ತಾಂಡಾದ ಮನೆಮಾತು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸುತ್ತಮುತ್ತಲಿನ ಲಂಬಾಣಿ ತಾಂಡಾಗಳಿಂದ ಶಾಲೆಗೆ ಬರುವ ಮಕ್ಕಳಿಗೆ ಮೊದಲ ಪಾಠವೇ ಎರಡು ಪಾಠವಾಗುತ್ತದೆ. ಮನೆಯಲ್ಲಿ ‘ಪಾಣಿ’ ಕುಡಿದು ಬಂದ ಮಗು ಶಾಲೆಯಲ್ಲಿ ‘ನೀರು’ ಎಂದು ಕೇಳಬೇಕು. ಅಕ್ಷರದ ಜೊತೆಗೆ ಭಾಷೆಯನ್ನೂ ಕಲಿಯಬೇಕು. ಆರಂಭದ ದಿನಗಳಲ್ಲಿ ಅದು ಸುಮ್ಮನೆ ಕುಳಿತರೆ ದಡ್ಡತನವೆಂದು ತಿಳಿಯುವುದು ತಪ್ಪು. ಅದರ ತಲೆಯಲ್ಲಿ ಒಂದು ಭಾಷೆ ಆಗಲೇ ಪೂರ್ಣವಾಗಿ ಬೆಳೆದಿರುತ್ತದೆ.

ಕನ್ನಡ ದ್ರಾವಿಡ ಭಾಷೆ. ಲಂಬಾಣಿಯಾದರೋ ರಾಜಸ್ಥಾನಿ, ಗುಜರಾತಿಗಳ ಬಳಗಕ್ಕೆ ಸೇರಿದ ಇಂಡೋ-ಆರ್ಯನ್ ಭಾಷೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ಸುತ್ತಿದ ಬಂಜಾರರು ಈ ಮಾತನ್ನು ದಕ್ಷಿಣಕ್ಕೆ ತಂದರು. ರೈಲು ಬಂದ ಮೇಲೆ ಎತ್ತಿನ ಸಾಗಣೆ ನಿಂತಿತು, ತಾಂಡಾಗಳು ನೆಲೆಯಾದವು. ಗ್ರಿಯರ್ಸನ್ ಅವರ ಭಾರತದ ಭಾಷಾ ಸರ್ವೇಕ್ಷಣೆಯಲ್ಲಿ 1907ರಷ್ಟು ಹಿಂದೆಯೇ ಈ ಭಾಷೆಯ ವಿವರಣೆ ಅಚ್ಚಾಗಿದೆ.

ಲಂಬಾಣಿಯಲ್ಲಿ ತಾಯಿ ‘ಯಾಡಿ’, ತಂದೆ ‘ಬಾಪ್’, ಮನೆ ‘ಘರ್’, ರೊಟ್ಟಿ ‘ಬಾಟಿ’. ಕೈ ‘ಹಾತ್’, ಕಿವಿ ‘ಕಾನ್’, ಮೂಗು ‘ನಾಕ್’. ಎಣಿಕೆ ಏಕ್, ದಿ, ತೀನ್, ಚಾರ್, ಪಾಂಚ್ ಎಂದು ಸಾಗುತ್ತದೆ. ‘ನಿನ್ನ ಹೆಸರೇನು?’ ಎನ್ನಲು ‘ತಾರ ನಾಮ್ ಕಾಂಯಿ?’ ಎಂದರಾಯಿತು.

ಈ ಪದಗಳ ಕೊನೆಯನ್ನು ಗಮನಿಸಿ. ಘರ್, ಹಾತ್, ಕಾನ್ ಎಲ್ಲವೂ ವ್ಯಂಜನದಲ್ಲಿ ನಿಲ್ಲುತ್ತವೆ. ಕನ್ನಡದ ನಾಲಿಗೆಗೆ ಕೊನೆಯಲ್ಲೊಂದು ಸ್ವರ ಬೇಕು. ಅದಕ್ಕೇ ಬಸ್ ‘ಬಸ್ಸು’, ಕಾರ್ ‘ಕಾರು’ ಆಗುತ್ತದೆ. ಮಹಾಪ್ರಾಣದಲ್ಲೂ ವ್ಯತ್ಯಾಸವಿದೆ. ಆಡುಗನ್ನಡದಲ್ಲಿ ಭೂಮಿ ‘ಬೂಮಿ’ಯಾಗುವುದು ಸಾಮಾನ್ಯ. ಲಂಬಾಣಿಯಲ್ಲಿ ‘ಘರ್’, ‘ಖಾ’ (ತಿನ್ನು) ಮೊದಲಾದ ದಿನಬಳಕೆಯ ಮಾತುಗಳಲ್ಲೇ ಮಹಾಪ್ರಾಣ ಇದೆ. ತೆಳು ಕಾಗದವನ್ನು ಬಾಯಿಯ ಮುಂದೆ ಹಿಡಿದು ‘ಕಾ’, ಆಮೇಲೆ ‘ಖಾ’ ಎಂದು ನೋಡಿ. ಎರಡನೆಯದಕ್ಕೆ ಕಾಗದ ಹೆಚ್ಚು ಅಲುಗುತ್ತದೆ. ಆ ಉಸಿರಿನ ರಭಸವೇ ಮಹಾಪ್ರಾಣ. ಕನ್ನಡ ಮಕ್ಕಳು ಕಷ್ಟಪಟ್ಟು ಕಲಿಯುವ ಈ ಧ್ವನಿ ತಾಂಡಾದ ಮಗುವಿಗೆ ಮನೆಯಿಂದಲೇ ಬಂದಿರುತ್ತದೆ.

ವ್ಯಾಕರಣದಲ್ಲೂ ದಾರಿ ಬೇರೆ. ಕನ್ನಡದಲ್ಲಿ ಕುದುರೆ ಗಂಡಾಗಲಿ ಹೆಣ್ಣಾಗಲಿ ‘ಕಪ್ಪು ಕುದುರೆ’ಯೇ. ಲಂಬಾಣಿಯಲ್ಲಿ ಗಂಡು ‘ಕಾಳೊ ಘೋಡೊ’, ಹೆಣ್ಣು ‘ಕಾಳಿ ಘೋಡಿ’. ನಾಮಪದದೊಡನೆ ವಿಶೇಷಣವೂ ರೂಪ ಬದಲಿಸುತ್ತದೆ.

2011ರ ಜನಗಣತಿಯಲ್ಲಿ ದೇಶದ 32 ಲಕ್ಷಕ್ಕೂ ಹೆಚ್ಚು ಜನ ಲಮಾಣಿ ಅಥವಾ ಲಂಬಾಡಿಯನ್ನು ಮಾತೃಭಾಷೆಯೆಂದು ಬರೆಸಿದರು. ಆದರೂ ಗಣತಿಯ ಪಟ್ಟಿಯಲ್ಲಿ ಅದು ಹಿಂದಿಯ ಗುಂಪಿನೊಳಗೆ ಸೇರಿಹೋಗಿದೆ. ಸಾಂಪ್ರದಾಯಿಕ ಲಿಪಿ ಇಲ್ಲದ ಈ ಭಾಷೆಯನ್ನು ಕರ್ನಾಟಕದಲ್ಲಿ ಕನ್ನಡ, ಮಹಾರಾಷ್ಟ್ರದಲ್ಲಿ ದೇವನಾಗರಿ, ತೆಲಂಗಾಣದಲ್ಲಿ ತೆಲುಗು ಲಿಪಿಯಲ್ಲಿ ಬರೆಯುತ್ತಾರೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಇರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ.

ಮಾತನಾಡುವವರು ಲಕ್ಷಾಂತರ ಇದ್ದಾರೆಂದು ನಿಶ್ಚಿಂತೆಯಿಂದಿರಲು ಬರುವುದಿಲ್ಲ. ಮಕ್ಕಳಿಗೆ ದಾಟದ ಭಾಷೆ ಉಳಿಯದು. ಅಮೆರಿಕದ ಓಕ್ಲಹೋಮಾದ ಚಿಕಸಾ ಬುಡಕಟ್ಟಿನ ಮನೆಗಳಲ್ಲಿ ಇಂಗ್ಲಿಷ್ ಆ ಜಾಗವನ್ನು ಹಿಡಿಯಿತು. ಪಮೇಲಾ ಮನ್ರೋ ಮತ್ತು ಕ್ಯಾಥರಿನ್ ವಿಲ್ಮಂಡ್ 1994ರಲ್ಲಿ ಚಿಕಸಾ ನಿಘಂಟು ಹೊರತಂದರು. ಆ ಭಾಷೆಯನ್ನಷ್ಟೇ ಬಲ್ಲ ಕೊನೆಯವರಾಗಿದ್ದ ಎಮಿಲಿ ಜಾನ್ಸನ್ ಡಿಕರ್‌ಸನ್ 2013ರಲ್ಲಿ ತೀರಿಕೊಂಡರು. ನಿಘಂಟು ಪದಗಳನ್ನು ಕಾಪಾಡಬಲ್ಲದು, ತಾಯಿ ಮಗುವನ್ನು ಕರೆಯುವ ದನಿಯನ್ನಲ್ಲ.

ಮನೆಮಾತಾಡಿದರೆ ಮಗು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಹಿಂದೆ ಬಿದ್ದೀತೆಂಬ ಅಂಜಿಕೆ ಪಾಲಕರಿಗೆ ಬೇಡ. ಒಂದು ಭಾಷೆಯಲ್ಲಿ ಗಟ್ಟಿಯಾದ ತಿಳಿವಳಿಕೆ ಇನ್ನೊಂದಕ್ಕೆ ಮೆಟ್ಟಿಲಾಗುತ್ತದೆ. ವಿದ್ಯಾರ್ಥಿಗಳು ಒಂದು ನೋಟುಬುಕ್ಕಿನಲ್ಲಿ ಮೂರು ಅಂಕಣ ಗೆರೆ ಹಾಕಿ ಲಂಬಾಣಿ, ಕನ್ನಡ, ಇಂಗ್ಲಿಷ್ ಪದಗಳನ್ನು ದಿನಕ್ಕೆ ಐದರಂತೆ ಬರೆಯಬಹುದು. ಮೊದಲ ಅಂಕಣ ತುಂಬಲು ಅಜ್ಜಿಯನ್ನೇ ಕೇಳಬೇಕು. ವರ್ಷ ತುಂಬುವುದರೊಳಗೆ 1,800 ಪದಗಳಾದಾವು.