ಮನೋವ್ಯಥೆಯನ್ನು ಮುಚ್ಚಿಡಬೇಡಿ
ಬೆಳೆಗಾರ ಕುಟುಂಬಗಳು ತಿಳಿದಿರಬೇಕಾದ ಕೆಲವು ಸಂಗತಿಗಳು

ಅಡಿಕೆಗೆ ಕೊಳೆರೋಗ ಬಂದರೆ ನಾವು ಬೋರ್ಡೋ ದ್ರಾವಣದ ಬಗ್ಗೆ ಹತ್ತು ಜನರನ್ನು ವಿಚಾರಿಸುತ್ತೇವೆ. ಕಾಫಿ ಗಿಡಕ್ಕೆ ಕಾಂಡಕೊರಕ ಬಿದ್ದರೆ ಕಾಫಿ ಮಂಡಳಿಯವರ ಸಲಹೆ ಕೇಳುತ್ತೇವೆ. ಆದರೆ ಮನೆಯ ಯಜಮಾನನಿಗೆ ವಾರಗಟ್ಟಲೆ ನಿದ್ರೆ ಬಾರದೆ, ಊಟ ಸೇರದೆ, "ಇನ್ನು ಬದುಕಿ ಏನು ಪ್ರಯೋಜನ" ಎಂಬ ಮಾತು ಬಾಯಿಗೆ ಬಂದರೆ, ಅದು ನೆರೆಮನೆಗೆ ತಿಳಿಯದಂತೆ ನೋಡಿಕೊಳ್ಳುತ್ತೇವೆ. ಈ ಮುಚ್ಚುಮರೆಯಿಂದ ಉಳಿಸಬಹುದಾದ ಜೀವಗಳು ಹೋಗುತ್ತಿವೆ. ಆದ್ದರಿಂದ ಸದಸ್ಯ ಬಾಂಧವರು ಈ ವಿಷಯವನ್ನು ಮನೆಯವರೆಲ್ಲರೊಡನೆ ಓದಬೇಕೆಂದು ಕೋರುತ್ತೇವೆ.

ನಮ್ಮ ಸೀಮೆಯ ಕಷ್ಟಗಳು

ಬೇಲೂರು ತಾಲ್ಲೂಕಿನ ಮಲೆನಾಡಿನ ಭಾಗದಲ್ಲಿ ಹೂಮಳೆ ತಪ್ಪಿದರೆ ಕಾಫಿ ಫಸಲಿಲ್ಲ. ಕೊಯ್ಲಿನಲ್ಲಿ ಮಳೆ ಹಿಡಿದರೆ ಕಣದಲ್ಲಿ ಹಣ್ಣು ಕೆಡುತ್ತದೆ. ಕಾಡಾನೆಯ ಹಾವಳಿ ಬೇರೆ. ಹಳೇಬೀಡು ದಾಟಿ ಅರಸೀಕೆರೆಯ ಬಯಲಿಗೆ ಬಂದರೆ ತೆಂಗು, ಅಡಿಕೆ ತೋಟಗಳು ಕೊಳವೆಬಾವಿಯನ್ನೇ ನಂಬಿವೆ. ಬತ್ತಿದ ಬಾವಿಯ ಸಾಲ ತೀರುವ ಮೊದಲೇ ಮತ್ತೊಂದನ್ನು ಕೊರೆಸುವ ಸ್ಥಿತಿ ಬರುತ್ತದೆ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ನಿಂತು ಬೆಲೆ ಕುಸಿದದ್ದೂ, 2000ದ ನಂತರ ಅದು ಮತ್ತೆ ನೆಲಕಚ್ಚಿದ್ದೂ ಹಿರಿಯ ಬೆಳೆಗಾರರಿಗೆ ನೆನಪಿದೆ.

ಹಾಗೆಂದು ಆತ್ಮಹತ್ಯೆಗೆ ಸಾಲವೊಂದೇ ಕಾರಣವೆಂದು ತಿಳಿಯಬಾರದು. ರಾಜ್ಯದ ರೈತರ ಆತ್ಮಹತ್ಯೆಗಳನ್ನು ಕುರಿತು ಡಾ. ಜಿ. ಕೆ. ವೀರೇಶ್ ಅವರ ಸಮಿತಿ 2002ರಲ್ಲಿ ಕೊಟ್ಟ ವರದಿಯೂ ಕಾರಣಗಳು ಹಲವೆಂದೇ ಹೇಳಿತು. ಸಾಲ, ಕಾಯಿಲೆ, ಕುಡಿತ, ಮನೆಯೊಳಗಿನ ಮನಸ್ತಾಪ ಇವು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ನ್ಯಾಯವಾದ ಬೆಲೆಗಾಗಿ ನಮ್ಮ ಹೋರಾಟ ನಡೆಯಲೇಬೇಕು. ಆದರೆ ಬೆಲೆ ಏರುವವರೆಗೆ ನೊಂದ ಮನಸ್ಸಿನ ಚಿಕಿತ್ಸೆ ಕಾಯಲಾರದು.

ಕೇಸಿನ ಭಯ ಬೇಡ

ಭಾರತೀಯ ದಂಡ ಸಂಹಿತೆಯ 309ನೆಯ ಕಲಮಿನ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸುವುದು ಅಪರಾಧವಾಗಿತ್ತು. ಒಂದು ವರ್ಷದವರೆಗೆ ಸಜೆ ವಿಧಿಸಬಹುದಿತ್ತು. ಈ ಭಯದಿಂದ ಆಸ್ಪತ್ರೆಗೆ ಕರೆದೊಯ್ಯಲು ಹಿಂಜರಿಯುವವರೂ, ವೈದ್ಯರಿಗೆ ನಿಜ ಹೇಳದವರೂ ಉಂಟು. ಆ ಒಂದು ಗಂಟೆಯ ವಿಳಂಬವೇ ಪ್ರಾಣಕ್ಕೆ ಎರವಾಗುತ್ತದೆ.

ಈಗ ಕಾನೂನು ಬದಲಾಗಿದೆ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮದ 115ನೆಯ ಕಲಮು, ಇಂಥ ಪ್ರಯತ್ನ ಮಾಡಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎಂದು ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮೇ ಇಲ್ಲ. ಸರ್ಕಾರಿ ನೌಕರರ ಕರ್ತವ್ಯಕ್ಕೆ ತಡೆಯೊಡ್ಡಲು ಇಂಥ ಪ್ರಯತ್ನ ಮಾಡುವುದು ಮಾತ್ರ ಅಪರಾಧವಾಗಿ ಉಳಿದಿದೆ. ಆದ್ದರಿಂದ 108ಕ್ಕೆ ಫೋನು ಮಾಡಿ, ತಡಮಾಡದೆ ಆಸ್ಪತ್ರೆಗೆ ಸೇರಿಸಿ, ನಡೆದದ್ದನ್ನು ವೈದ್ಯರಿಗೆ ಇದ್ದಹಾಗೆ ಹೇಳಬೇಕು.

ನೆರವು ಎಲ್ಲಿದೆ?

ಹಳ್ಳಿಗೂ ಮನೋವೈದ್ಯ ಸೇವೆ ತಲುಪಬೇಕೆಂಬ ಪ್ರಯತ್ನಕ್ಕೆ ನಮ್ಮ ರಾಜ್ಯವೇ ದೇಶಕ್ಕೆ ಮಾದರಿ ಹಾಕಿಕೊಟ್ಟಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಪ್ರಾರಂಭವಾದ ಬಳಿಕ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಪ್ರಯೋಗ ನಡೆಸಿತು. ಅದೇ ಮಾದರಿಯಲ್ಲಿ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಹರಡಿತು. 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಆತ್ಮಹತ್ಯಾ ತಡೆ ಕಾರ್ಯನೀತಿಯು, ಆತ್ಮಹತ್ಯೆಯ ಸಾವುಗಳನ್ನು 2030ರ ವೇಳೆಗೆ ಶೇಕಡಾ 10ರಷ್ಟು ತಗ್ಗಿಸುವ ಗುರಿ ಇಟ್ಟುಕೊಂಡಿದೆ.

ನಮಗೆ ಅತಿ ಹತ್ತಿರದ ನೆರವು ಟೆಲಿ ಮಾನಸ್ ದೂರವಾಣಿ, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಹಗಲೂ ರಾತ್ರಿಯೂ ಲಭ್ಯ, ಖರ್ಚಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಮೊದಲು ಆಪ್ತಸಲಹೆಗಾರರು ಮಾತನಾಡುತ್ತಾರೆ, ಅಗತ್ಯವಿದ್ದರೆ ಮನೋವೈದ್ಯರಿಗೆ ಸಂಪರ್ಕ ಕೊಡುತ್ತಾರೆ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಹೊರಡುವ ಮುನ್ನ ದಿನವನ್ನು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ನಾವು ಮಾಡಬೇಕಾದದ್ದು

1. ಗುರುತಿಸಿ. ಇದ್ದಕ್ಕಿದ್ದಂತೆ ತೋಟದ ಕಡೆ ತಿರುಗಿ ನೋಡದಿರುವುದು, ಕುಡಿತ ಹೆಚ್ಚುವುದು, "ನಾನಿಲ್ಲದಿದ್ದರೆ ನಿಮಗೇ ಸುಖ" ಎನ್ನುವುದು, ಕಾರಣವಿಲ್ಲದೆ ಕಾಗದಪತ್ರ ಒಪ್ಪಿಸುವುದು, ಇವುಗಳನ್ನು ಹಗುರವಾಗಿ ಕಾಣಬಾರದು.

2. ನೇರವಾಗಿ ಕೇಳಿ. "ಸಾಯಬೇಕೆಂದು ಅನಿಸುತ್ತಿದೆಯೇ?" ಎಂದು ಪ್ರೀತಿಯಿಂದ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದ ಭಾರ ಇಳಿಯುತ್ತದೆ. ಬೈಯಬಾರದು, ಉಪದೇಶ ಮಾಡಬಾರದು, ಒಂಟಿಯಾಗಿ ಬಿಡಬಾರದು.

3. ಕೀಟನಾಶಕ, ಕಳೆನಾಶಕಗಳನ್ನು ಮನೆಯಲ್ಲಿ ಇಡಬೇಡಿ. ಬೇಕಾದಷ್ಟನ್ನೇ ಕೊಂಡು, ಉಳಿದದ್ದನ್ನು ಮನೆಯಿಂದ ದೂರ ಬೀಗ ಹಾಕಿಡಿ. ಮನೆಯಲ್ಲಿ ಯಾರಾದರೂ ನೊಂದಿದ್ದರೆ ಕೀಲಿಕೈ ಬೇರೆಯವರ ಬಳಿ ಇರಲಿ. ಸಾಯುವ ಯೋಚನೆ ತೀವ್ರವಾಗಿರುವುದು ಬಹಳ ಸಲ ಅಲ್ಪಕಾಲ ಮಾತ್ರ. ಆ ಗಳಿಗೆ ದಾಟಿಸಿದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ 1995 ಮತ್ತು 1998ರಲ್ಲಿ ಅತಿ ವಿಷಕಾರಿ ಔಷಧಿಗಳನ್ನು ನಿಷೇಧಿಸಿದ ಮೇಲೆ, ಹತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧದಷ್ಟಕ್ಕೆ ಇಳಿಯಿತು. ಬೆಳೆಯ ಇಳುವರಿ ಕುಗ್ಗಲಿಲ್ಲ.

4. ಔಷಧಿ ಅರ್ಧಕ್ಕೆ ಬಿಡಬೇಡಿ. ಖಿನ್ನತೆಯ ಮಾತ್ರೆಗಳು ಗುಣ ತೋರಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

5. ಸಾಲದ ಲೆಕ್ಕ ಮನೆಯವರಿಗೆ ತಿಳಿದಿರಲಿ. ಬ್ಯಾಂಕು, ಸಂಘ, ಕೈಸಾಲ ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಬರೆದು ಹೆಂಡತಿ ಮಕ್ಕಳಿಗೆ ತೋರಿಸಿ. ಒಬ್ಬರೇ ಹೊತ್ತ ಸಾಲದ ಭಾರ ಇಮ್ಮಡಿಯಾಗುತ್ತದೆ.

ಸಹಕಾರ ಸಂಘಗಳಿಗೂ ಇಲ್ಲಿ ಕರ್ತವ್ಯವಿದೆ. ಕಂತು ತಪ್ಪಿದ ಸದಸ್ಯರು ಸಭೆಗೆ ಬರುವುದನ್ನೂ ನಿಲ್ಲಿಸಿದರೆ, ನೋಟೀಸು ಹೋಗುವ ಮೊದಲು ನಿರ್ದೇಶಕರೊಬ್ಬರು ಅವರ ಮನೆಗೆ ಹೋಗಿ ಯೋಗಕ್ಷೇಮ ವಿಚಾರಿಸಿ ಬರಬೇಕು. ಸಾಲಕ್ಕೆ ಅವಧಿ ಕೇಳಬಹುದು, ಒಣಗಿದ ತೋಟವನ್ನು ಮತ್ತೆ ಕಟ್ಟಬಹುದು. ಅದಕ್ಕೆ ಮನುಷ್ಯ ಉಳಿದಿರಬೇಕು. 14416 ಎಂಬ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಇಂದೇ ದಪ್ಪ ಅಕ್ಷರದಲ್ಲಿ ಬರೆದಿಡಿ.